ನಲ್ಲಿ ಇರುವುದು ಲೋಮನಾಳದಲ್ಲಲ್ಲ

ನಮಸ್ಕಾರ,

ಆರ್ಟೀರಿಯೋಲ್ ಎಂಬ ಕಿರು ಅಪಧಮನಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಆದರೂ ಅವನ್ನು 'ರಕ್ತದ ನಲ್ಲಿಗಳು' ಎಂದಿದ್ದೀರಲ್ಲ, ಆ ಒಂದು ಮಾತಿಗಾಗಿ ಇಷ್ಟುದ್ದದ ಉತ್ತರ.

ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಆ ನಲ್ಲಿಯನ್ನು ನೀವೇ ಮರೆತಿದ್ದೀರಿ. 'ಲೋಮನಾಳ ಅತಿ ಕಿರಿದು, ಆದ್ದರಿಂದ ಒತ್ತಡ ಅಲ್ಲೇ ಹೆಚ್ಚು ಕುಸಿಯುತ್ತದೆ' ಎಂದಿದ್ದೀರಿ. ಬಹಳ ಜನ ಎಡವುವ ಜಾಗ ಇದು. ಲೋಮನಾಳವೆಂದರೆ ಕಿರು ಅಪಧಮನಿಯ ಮುಂದಿನ ಅತಿ ಸಣ್ಣ ರಕ್ತನಾಳ (ಕ್ಯಾಪಿಲರಿ). ಒಂದೊಂದೂ ಕಿರಿದೇ, ಆದರೆ ಕೋಟಿಗಟ್ಟಲೆ ಲೋಮನಾಳಗಳು ಅಕ್ಕಪಕ್ಕ ಕವಲೊಡೆದಿರುವುದರಿಂದ ಹರಿವಿಗೆ ಒಟ್ಟು ತಡೆ ಕಡಿಮೆ. ಒತ್ತಡ ಹೆಚ್ಚು ಇಳಿಯುವುದು ಕಿರು ಅಪಧಮನಿಗಳಲ್ಲಿ: ಒಳಹೊಕ್ಕಾಗ ಸುಮಾರು 85 ಮಿಲಿಮೀಟರ್ ಪಾದರಸ, ದಾಟುವಾಗ 30ರ ಆಸುಪಾಸು. 'ಲೋಮನಾಳ ಬಿಗಿಯುತ್ತದೆ' ಎಂಬ ಸಾಲನ್ನೂ ತೆಗೆಯಿರಿ; ಅದರ ಗೋಡೆ ಒಂದೇ ಪದರ ಜೀವಕೋಶ, ಬಿಗಿಯಲು ಸ್ನಾಯುವೇ ಇಲ್ಲ. ಕಿರು ಅಪಧಮನಿಗೆ ಒಂದೆರಡು ಸುತ್ತು ಅನೈಚ್ಛಿಕ ಸ್ನಾಯು ಇದೆ. ನಿಮ್ಮ ನಲ್ಲಿಯ ತಿರುಪು ಅದೇ.

ಆ ತಿರುಪಿನ ಬಲ ಎಷ್ಟೆಂದು ಓದುಗರಿಗೆ ಲೆಕ್ಕ ಹಾಕಿ ತೋರಿಸಿ. ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟು, ಬರೀ ಶೇ. 10 ಕುಗ್ಗಿದರೂ, ಒತ್ತಡ ಅಷ್ಟೇ ಇದ್ದಲ್ಲಿ, ಹರಿವು ಮೂರನೇ ಒಂದರಷ್ಟು ಇಳಿಯುತ್ತದೆ. ನಿಮ್ಮ ಆರು ವಿಶೇಷಣಗಳಿಗಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

'ಎಲ್ಲವೂ ಮೆದುಳಿನ ಅಪ್ಪಣೆ' ಎಂಬುದು ಅರ್ಧಸತ್ಯ. ಅನುವೇದಕ (ಸಿಂಪಥೆಟಿಕ್) ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸಿ ನಾಳವನ್ನು ಬಿಗಿಯುತ್ತವೆ, ನಿಜ. ಆದರೆ ಓಡುವವರ ತೊಡೆಯ ಸ್ನಾಯು ಅಪ್ಪಣೆಗೆ ಕಾಯುವುದಿಲ್ಲ: ಅಲ್ಲಿ ಆಮ್ಲಜನಕ ಇಳಿದು, ಇಂಗಾಲದ ಡೈಆಕ್ಸೈಡ್, ಅಡಿನೋಸಿನ್, ಪೊಟ್ಯಾಸಿಯಮ್ ಏರಿದಾಗ ನಾಳ ತಾನಾಗಿ ಸಡಿಲುತ್ತದೆ. ಒಳಪದರ ಬಿಡುವ ನೈಟ್ರಿಕ್ ಆಕ್ಸೈಡ್ ಕೂಡ ಸಡಿಲಿಸುತ್ತದೆ.

'ಕೂದಲಿಗಿಂತ ಸಾವಿರ ಪಟ್ಟು ಸಪೂರ' ಅಲಂಕಾರವಲ್ಲ, ಸುಳ್ಳು. ಕಿರು ಅಪಧಮನಿಗಳ ವ್ಯಾಸ ಸಾಮಾನ್ಯವಾಗಿ 10ರಿಂದ 100 ಮೈಕ್ರೊಮೀಟರ್. ದೊಡ್ಡವು ಕೂದಲಿನಷ್ಟೇ ದಪ್ಪ. ಒಂದೇ ನಾಳವನ್ನು ಧಮನಿ, ಅಪಧಮನಿ, ಶುದ್ಧರಕ್ತನಾಳ ಎಂದು ಮೂರು ಹೆಸರಿನಿಂದ ಕರೆಯಬೇಡಿ. ಮೂರನೆಯದಂತೂ ಬೇಡವೇ ಬೇಡ: ಶ್ವಾಸಕೋಶದ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಾದ ರಕ್ತ.

ಪೀಠಿಕೆಯ ಕವಿತೆ ಬಿಟ್ಟು, ಆ ಜಾಗಕ್ಕೆ ಮೂತ್ರಪಿಂಡ ತನ್ನಿ. ಅಲ್ಲಿನ ಲೋಮನಾಳದ ಗೊಂಚಲಿಗೆ ಒಳಬರಲೊಂದು, ಹೊರಹೋಗಲೊಂದು ಕಿರು ಅಪಧಮನಿ. ಹೊರಗಿನದನ್ನು ತುಸು ಬಿಗಿದರೆ ಗೊಂಚಲಿನ ಒತ್ತಡ ಏರಿ ಸೋಸುವಿಕೆ ಹೆಚ್ಚುತ್ತದೆ. ಒಳಗಿನದನ್ನು ಬಿಗಿದರೆ ಇಳಿಯುತ್ತದೆ. ತಿದ್ದಿದ ಪ್ರತಿಯಲ್ಲಿ ಮೊದಲು ಹುಡುಕುವುದು ಈ ಎರಡು ನಲ್ಲಿಗಳನ್ನೇ.

ಸಂಪಾದಕರು