ನಡುವೆಯೇ ನಿಲ್ಲುವ ಡ್ರೈಯರ್

ಪ್ರಶ್ನೆ: ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲವೆಂದು ನಾಲ್ಕು ವರ್ಷಗಳ ಹಿಂದೆ, ಬಿಸಿಗಾಳಿಯನ್ನು ಕೊಳವೆಯ ಮೂಲಕ ಹೊರಹಾಕುವ ಡ್ರೈಯರ್ ಕೊಂಡೆವು. ಈ ಜೂನ್‌ನಿಂದ ಅದು ಇಪ್ಪತ್ತು ನಿಮಿಷ ಓಡಿ ನಿಂತುಬಿಡುತ್ತಿದೆ. ಆಗ ಗುಂಡಿ ಒತ್ತಿದರೂ ತಿರುಗುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. ಒಳಗಿನ ಕಟ್‌ಔಟ್ (ಅತಿಯಾಗಿ ಕಾದರೆ ವಿದ್ಯುತ್ ಕಡಿಯುವ ಭಾಗ) ತೆಗೆದು, ತಂತಿಯನ್ನು ಡೈರೆಕ್ಟ್ ಮಾಡಿದರೆ ಸರಿಹೋಗುತ್ತದೆ ಎಂದು ರಿಪೇರಿಯವರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ದಯವಿಟ್ಟು ಮಾಡಿಸಬೇಡಿ. ನೀವು ಹೇಳಿದ ಅರ್ಧ ಗಂಟೆಯ ಲೆಕ್ಕವೇ ಮುಖ್ಯವಾದ ಸುಳಿವು. ಮೋಟರ್ ಮಿತಿ ಮೀರಿ ಕಾದಾಗ ವಿದ್ಯುತ್ತನ್ನು ಕಡಿದು, ಅದು ತಣಿದ ಮೇಲೆ ತಾನಾಗಿಯೇ ಮತ್ತೆ ಕೂಡಿಸುವ ರಕ್ಷಕವೊಂದು ಮೋಟರಿನಲ್ಲೇ ಇರುತ್ತದೆ. ಹೀಟರಿನ ಕಟ್‌ಔಟ್ ಬಿದ್ದಿದ್ದರೆ ಸಾಮಾನ್ಯವಾಗಿ ಡ್ರಮ್ ತಿರುಗುತ್ತಲೇ ಇದ್ದು, ಬಿಸಿ ಮಾತ್ರ ಇರುತ್ತಿರಲಿಲ್ಲ. ಆದ್ದರಿಂದ ಮೋಟರ್ ಏಕೆ ಬಿಸಿಯಾಗುತ್ತಿದೆ ಎಂಬುದನ್ನು ಹುಡುಕಬೇಕೇ ಹೊರತು, ಅದನ್ನು ರಕ್ಷಿಸುವ ಭಾಗವನ್ನು ಕಿತ್ತುಹಾಕಬಾರದು.

ಮೊದಲು ಗಾಳಿಯ ದಾರಿಯನ್ನು ನೋಡಿ. ನೂಲಿನ ಧೂಳು ಹಿಡಿಯುವ ಜಾಲರಿಯನ್ನು ನೀವು ಪ್ರತಿಸಲವೂ ಒರೆಸುತ್ತಿರಬಹುದು. ಆದರೂ ಬಟ್ಟೆ ಮೃದುವಾಗಲೆಂದು ಬಳಸುವ ದ್ರವದ ಕಣ್ಣಿಗೆ ಕಾಣದ ಪದರ ಅದರ ಮೇಲೆ ಕೂತಿರಬಹುದು. ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ: ನೀರು ಸರಾಗವಾಗಿ ಇಳಿಯದೆ ಮೇಲೆಯೇ ನಿಂತರೆ, ಸೋಪಿನ ನೀರು ಮತ್ತು ಮೃದುವಾದ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಅನಂತರ ಪ್ಲಗ್ ಕಿತ್ತು, ಯಂತ್ರವನ್ನು ಗೋಡೆಯಿಂದ ಮುಂದಕ್ಕೆಳೆದು ಹಿಂದಿನ ಕೊಳವೆಯನ್ನು ಪರೀಕ್ಷಿಸಿ. ನಿಮ್ಮ ಊರಿನ ಮಳೆಗಾಲದ ಚಳಿಗೆ, ಜೋತುಬಿದ್ದ ಕೊಳವೆಯ ಹೊಟ್ಟೆಯಲ್ಲಿ ಆವಿ ನೀರಾಗಿ ನಿಂತು, ಅದಕ್ಕೆ ನೂಲಿನ ಧೂಳು ಸೇರಿ ಒದ್ದೆ ಹತ್ತಿಯ ಉಂಡೆಯಂತೆ ಕಟ್ಟಿಕೊಳ್ಳುತ್ತದೆ; ಗೋಡೆಯ ಹೊರಗಿನ ಮುಚ್ಚಳವೂ ಇದೇ ಒದ್ದೆ ಧೂಳಿಗೆ ಅಂಟಿ ತೆರೆಯದಿರಬಹುದು. ಇವನ್ನು ಶುಚಿ ಮಾಡಿದ ಮೇಲೂ ಸಂಶಯವಿದ್ದರೆ, ಕೊಳವೆಯನ್ನು ಬಿಚ್ಚಿಟ್ಟು, ಕಿಟಕಿ ತೆರೆದು, ಎದುರಿನಲ್ಲೇ ಇದ್ದು ಒಂದು ಸಲ ಓಡಿಸಿ. ನಿಲ್ಲದೆ ಓಡಿದರೆ ದೋಷ ಕೊಳವೆಯದ್ದೇ.

ಆಗಲೂ ನಿಂತರೆ ಮೆಕ್ಯಾನಿಕ್ ಬೇಕು. ಮೋಟರಿನ ಮೇಲೆ ಕೂತ ಧೂಳು, ಸವೆದ ಡ್ರಮ್ ಚಕ್ರಗಳು, ಸೊರಗಿದ ಕೆಪಾಸಿಟರ್ (ಮೋಟರ್ ತಿರುಗಲು ನೆರವಾಗುವ ಭಾಗ), ಈ ಮೂರನ್ನೂ ನೋಡಲು ಹೇಳಿ. ಯಂತ್ರ ಓಡುತ್ತಿರುವಾಗಲೇ ಸಾಕೆಟ್‌ನ ವೋಲ್ಟೇಜ್ ಅಳೆಸಿ; ಅದು ತೀರಾ ಇಳಿದರೂ ಮೋಟರ್ ಬಿಸಿಯಾಗುತ್ತದೆ. 2000 ವಾಟ್‌ನ ಹೀಟರ್ ಒಂದೇ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುವುದರಿಂದ, ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು 16 ಆಂಪಿಯರ್ ಸಾಕೆಟ್‌ಗೇ ನೇರವಾಗಿ ಜೋಡಿಸಿ.

ನೀರನ್ನು ತೊಟ್ಟಿಯಲ್ಲಿ ಶೇಖರಿಸುವ ಮಾದರಿಯ ಡ್ರೈಯರ್ ಇರುವವರು ಮೊದಲು ಆ ತೊಟ್ಟಿ ತುಂಬಿದೆಯೇ ಎಂದು ನೋಡಬೇಕು.

ರಿಪೇರಿಯಾಗುವ ತನಕ ಒಂದು ಎಚ್ಚರಿಕೆ ಇರಲಿ. ನಡುವೆ ನಿಂತ ಯಂತ್ರ ಕೊನೆಯ ತಣಿಸುವ ಹಂತವನ್ನು ತಲುಪಿರುವುದಿಲ್ಲ. ಗುಡ್ಡೆಯಾಗಿ ಬಿದ್ದ ಬಟ್ಟೆಯೊಳಗೆ ಬಿಸಿ ಉಳಿದಿರುತ್ತದೆ. ಎಣ್ಣೆಯ ಕಲೆ ಉಳಿದ ಅಡುಗೆಮನೆಯ ಬಟ್ಟೆಗಳು ಅಂತಹ ಬಿಸಿಯಲ್ಲಿ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಆದ್ದರಿಂದ ಅವನ್ನು ಡ್ರೈಯರ್‌ಗೆ ಹಾಕಲೇಬೇಡಿ. ಉಳಿದ ಬಟ್ಟೆಯನ್ನು ಯಂತ್ರ ನಿಂತ ಕೂಡಲೇ ಹೊರತೆಗೆದು ಹರವಿಬಿಡಿ.