ವ್ಯಾನ್‌ನಲ್ಲೇ ವಾಸ ಮಾಡುತ್ತಾ ರಾಯಚೂರು, ಕೊಪ್ಪಳ, ಬಳ್ಳಾರಿ ಸುತ್ತುವವರು ರಾತ್ರಿ ಗಾಡಿ ಎಲ್ಲಿ ನಿಲ್ಲಿಸಬೇಕು?

ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ ಇಬ್ಬರೇ ಬೆಂಗಳೂರಿನಿಂದ ಹೊರಟು, ವ್ಯಾನ್‌ನಲ್ಲೇ ಮಲಗುತ್ತಾ, ನಮ್ಮ ಕಡೆ ಎರಡು ತಿಂಗಳು ಸುತ್ತಬೇಕು. ರಾತ್ರಿ ಭಯವಿಲ್ಲದೆ ನಿಲ್ಲಿಸುವ ಜಾಗ ಯಾವುದು? ಮ್ಯಾಪಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಅಂತ ಬರೆದಿದ್ದೀರಿ. ಸಿಗೋದೂ ಇಲ್ಲ ಬಿಡಿ, ಅಂಥ ಜಾಗ ಮ್ಯಾಪಲ್ಲಿ ಇರಲ್ಲ.

ನಾನು ತೂಕದ ಯಂತ್ರ ರಿಪೇರಿ ಮಾಡುವವನು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳು, ಸಿಂಧನೂರು, ಮಾನ್ವಿ, ಸಿರುಗುಪ್ಪ, ರಾಯಚೂರಿನ ಹತ್ತಿ ಮಿಲ್ಲು, ಇದೇ ನನ್ನ ಸುತ್ತು. ಆರು ವರ್ಷದಿಂದ ತಿಂಗಳಿಗೆ ಹದಿನೈದು ರಾತ್ರಿಯಾದರೂ ನನ್ನ ಈಕೋ ಗಾಡಿಯಲ್ಲೇ ಮಲಗುತ್ತೇನೆ. ಲಾಡ್ಜಿಗೆ ಕೊಡುತ್ತಾ ಹೋದರೆ ದುಡಿದದ್ದು ಅಲ್ಲಿಗೇ ಸರಿಹೋಗುತ್ತದೆ.

ಮೊದಲ ವರ್ಷ ನಾನೂ ನಿಮ್ಮ ಹಾಗೇ ಜನ ಇಲ್ಲದ ಜಾಗ ಹುಡುಕುತ್ತಿದ್ದೆ. ಜನ ಇಲ್ಲ ಅಂದರೆ ಕಳ್ಳರೂ ಇಲ್ಲ ಅನ್ನೋ ಲೆಕ್ಕ. ಸಿಂಧನೂರು ದಾಟಿದ ಮೇಲೆ ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆ. ಏರಿ ಮೇಲೆ ಗಾಡಿ ನಿಲ್ಲಿಸಿ, ತಣ್ಣನೆ ಗಾಳಿ, ನೀರಿನ ಸದ್ದು, ಸ್ವರ್ಗ ಅಂತ ಮಲಗಿದೆ. ರಾತ್ರಿ ಒಂದೂವರೆಗೆ ಗಾಜಿನ ಮೇಲೆ ಬ್ಯಾಟರಿ ಬೆಳಕು. ಐದು ಜನ. ಕೈಯಲ್ಲಿ ಬಡಿಗೆ. "ಯಾರಲೇ ಒಳಗ? ಹೊರಗ ಬಾ!"

ಅವರು ಕಳ್ಳರಲ್ಲ, ಕಾಲುವೆಯ ಕೊನೆ ಭಾಗದ ರೈತರು. ಮೇಲಿನವರು ರಾತ್ರೋರಾತ್ರಿ ಪಂಪು ಇಳಿಸಿ ನೀರು ಎಳೆದರೆ ಇವರ ಗದ್ದೆಗೆ ಏನೂ ಬರೋದಿಲ್ಲ. ಹಾಗಾಗಿ ಕಾಲುವೆಗೆ ನೀರು ಬಿಟ್ಟಾಗ ಸರದಿ ಮೇಲೆ ಕಾವಲು. ನನ್ನ ಗಾಡಿಯೊಳಗೆ ಪಂಪ್‌ಸೆಟ್ ಇದೆ ಅಂತಲೇ ಅವರ ಅನುಮಾನ. ಹಿಂದಿನ ಬಾಗಿಲು ತೆಗೆದು ತೋರಿಸಿದೆ. ಇಪ್ಪತ್ತು ಕೆಜಿಯ ಬಟ್ಟುಗಳು ಸಾಲಾಗಿ ಕೂತಿದ್ದವು, ಪಕ್ಕದಲ್ಲಿ ಬಿಚ್ಚಿದ ಒಂದು ತಕ್ಕಡಿ. ಒಬ್ಬ ಬಟ್ಟು ಎತ್ತಿ ನೋಡಿ ನಕ್ಕ. "ಇವ ಕಾಂಟಾ ರಿಪೇರಿಯವ ಬಿಡ್ರೋ." ಆಮೇಲೆ ಅವರೇ ಮುಂದೆ ಬೈಕ್ ಬಿಟ್ಟು ಊರೊಳಗೆ ಕರಕೊಂಡು ಹೋಗಿ ಹನುಮಪ್ಪನ ಗುಡಿ ಮುಂದೆ ಗಾಡಿ ನಿಲ್ಲಿಸಲು ಹೇಳಿದರು. ಹೋಗುವಾಗ ಹಿರಿಯನೊಬ್ಬ ಹೇಳಿದ ಮಾತು ಇದು: "ಹೊತ್ತು ಮುಳುಗೂಕಿಂತ ಮೊದಲ ಬಂದು ಕೇಳಿದ್ರ ನಾವ ಜಾಗ ಕೊಡ್ತಿದ್ವಿ ತಮ್ಮಾ. ಹೇಳದ ಮಲಗಿದ್ರ ಕಳ್ಳ ಅನ್ನೂದ."

ಅವತ್ತಿನಿಂದ ಜಾಗ ಹುಡುಕೋದು ಬಿಟ್ಟೆ. ರಾತ್ರಿ ಎಚ್ಚರ ಇರುವ, ನಾನು ಒಳಗೆ ಮಲಗಿದ್ದೇನೆ ಅಂತ ಗೊತ್ತಿರುವ ಒಬ್ಬ ಮನುಷ್ಯನನ್ನು ಹುಡುಕುತ್ತೇನೆ. ಅದಕ್ಕೆ ಬೆಳಕಿರುವಾಗಲೇ ತಲುಪಬೇಕು. ಕತ್ತಲಾದ ಮೇಲೆ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

ಗಿರಣಿಯ ವಾಚ್‌ಮನ್‌ಗಳು ನನಗೆ ದೇವರಿದ್ದ ಹಾಗೆ. ಭತ್ತದ ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ ಕಡೆ ಗಿರಣಿ ಆವರಣದಲ್ಲಿ ರಾತ್ರಿಯಿಡೀ ದೀಪ ಇರುತ್ತದೆ. ಒಂದು ಸಲ ಗೇಟಿನ ಪಕ್ಕ ನಿಲ್ಲಿಸಿದ್ದೆ. ವಾಚ್‌ಮನ್ ಬಂದು "ಇಲ್ಲಿ ಬ್ಯಾಡೋ ತಮ್ಮಾ, ನಾಕಕ್ಕ ಲಾರಿ ಬರ್ತಾವ, ರಿವರ್ಸ್ ಹೊಡಿತಾರ. ಆ ಬೇವಿನ ಗಿಡದ ಕೆಳಗ ಹಚ್ಚು" ಅಂದ. ನಿಮಗೆ ಗಿರಣಿಯವರ ಪರಿಚಯ ಇರಲ್ಲ, ಸರಿ. ಆದರೆ ಇಂಥ ಮಾತು ಹೇಳುವವನು ಬಂಕಲ್ಲೂ ಇರುತ್ತಾನೆ, ಗುಡಿಯಲ್ಲೂ ಇರುತ್ತಾನೆ. ಎಲ್ಲಿ ಬೇಡ ಅಂತಾನೋ ಅಲ್ಲಿ ನಿಲ್ಲಿಸಬೇಡಿ, ಅಷ್ಟೇ.

ನಿಮಗೆ ಸುಲಭ ಅಂದರೆ ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕ್. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಹೋಗುವ 67ರಲ್ಲೂ, ಕುಷ್ಟಗಿ ಮೇಲೆ ಹೋಗುವ 50ರಲ್ಲೂ ಲಾರಿಗಳು ರಾತ್ರಿ ತಂಗುವ ಬಂಕ್ ಇವೆ. ಮೊದಲು ಡೀಸೆಲ್ಲೋ ಪೆಟ್ರೋಲೋ ಹಾಕಿಸಿ, ಆಮೇಲೆ ಕೇಳಿ. ರಾತ್ರಿ ಪಾಳಿ ಹುಡುಗರಿಗೂ ಒಂದು ಮಾತು ಹೇಳಿ, ಸಂಜೆ ಒಪ್ಪಿದವನು ಹತ್ತಕ್ಕೆ ಮನೆಗೆ ಹೋಗಿರುತ್ತಾನೆ. ಅಲ್ಲಿ ಸ್ಟವ್ ಹಚ್ಚೋ ಯೋಚನೆಯನ್ನೇ ಮಾಡಬೇಡಿ. ಲಾರಿಗಳ ಏರ್ ಬ್ರೇಕ್ ಸದ್ದಿಗೆ ಎರಡು ರಾತ್ರಿ ನಿದ್ದೆ ಬರಲ್ಲ, ಮೂರನೆಯದಕ್ಕೆ ಬರುತ್ತದೆ. ಡಾಬಾ ಆದರೆ ಊಟ ಮಾಡುತ್ತಾ ಅರ್ಧ ಗಂಟೆ ಸುಮ್ನೆ ನೋಡಿ. ಕುಡಿಯುವವರು ಜಾಸ್ತಿ ಅನಿಸಿದರೆ ಬಿಲ್ ಕೊಟ್ಟು ಮುಂದೆ ಹೋಗಿ. ಮೇಡಂ ಜೊತೆಗಿರುವಾಗ ಇದರಲ್ಲಿ ಮುಲಾಜು ಬೇಡ.

ಗುಡಿ, ಮಠ ಒಳ್ಳೇದೇ. ನೀರು, ಶೌಚಾಲಯ ಸಿಗುತ್ತದೆ. ಆದರೆ ದಿನ ನೋಡಬೇಕು. ಮುನಿರಾಬಾದ್ ಪಕ್ಕದ ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಕಾಲಿಡೋಕೆ ಜಾಗ ಇರಲ್ಲ, ಬೇರೆ ದಿನ ಆರಾಮ. ಕೊಪ್ಪಳದ ಗವಿಮಠದ ಜಾತ್ರೆ ಜನವರಿಯಲ್ಲಿ. ಆಗ ಜಾತ್ರೆ ನೋಡೋಕೆ ಹೋಗಿ, ಗಾಡಿ ನಿಲ್ಲಿಸಿ ಮಲಗೋಕೆ ಅಲ್ಲ. ಮಠದ ಆವರಣದಲ್ಲಿ ಮೊಟ್ಟೆ ಕೂಡ ಬೇಯಿಸಬೇಡಿ.

ಆನೆಗೊಂದಿ, ಸಾಣಾಪುರ ಕಡೆ ನೀವು ಹೋಗೇ ಹೋಗುತ್ತೀರಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದ ಸುಸ್ತಿಗೆ ಅಲ್ಲೇ ಬಂಡೆ ಪಕ್ಕ ಮಲಗೋಣ ಅನಿಸುತ್ತದೆ. ಬೇಡ. ಆ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ. ಊರೊಳಗೆ ಯಾರದಾದರೂ ಮನೆ ಮುಂದೆ "ಅಕ್ಕಾರ, ಒಂದು ರಾತ್ರಿ ಗಾಡಿ ನಿಲ್ಲಿಸಿಕೊಳ್ಳಲಾ?" ಅಂತ ಕೇಳಿ. ಹೆಂಗಸರು ಕೇಳಿದರೆ ಬೇಗ ಒಪ್ಪುತ್ತಾರೆ, ಮೇಡಂ ಕೈಲಿ ಕೇಳಿಸಿ. ರೊಟ್ಟಿ ಕೊಟ್ಟರೆ ಬೇಡ ಅನ್ನಬೇಡಿ.

ನೆಲದ ಬಗ್ಗೆ ಬೆಂಗಳೂರಿನವರಿಗೆ ಗೊತ್ತಿರಲ್ಲ. ಸಿಂಧನೂರು, ಸಿರುಗುಪ್ಪ ಸುತ್ತ ಎರೆ ಭೂಮಿ. ಬಿಸಿಲಲ್ಲಿ ಕಲ್ಲಿನ ಹಾಗೆ ಗಟ್ಟಿ. ರಾತ್ರಿ ಒಂದು ಹದ ಮಳೆ ಬಿದ್ದರೆ ಬೆಳಿಗ್ಗೆ ಚಕ್ರ ತಿರುಗಿದಷ್ಟೂ ಮಣ್ಣು ಮೆತ್ತಿಕೊಂಡು ಟೈರೇ ಕಾಣಲ್ಲ. ಟ್ರ್ಯಾಕ್ಟರ್ ಕರೆಸಿಯೇ ಎಳೆಸಬೇಕು. ನಾನು ಎರಡು ಸಲ ಎಳೆಸಿದ್ದೇನೆ. ಮೋಡ ಇದ್ದರೆ ಟಾರು ಅಥವಾ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಬಿಟ್ಟು ಕೆಳಗೆ ಇಳಿಯಬೇಡಿ. ಇನ್ನೊಂದು, ಜಾಲಿ. ಕನ್ನಡದಲ್ಲಿ ಅದಕ್ಕೆ ಬಳ್ಳಾರಿ ಜಾಲಿ ಅಂತಲೇ ಹೆಸರು, ನಮ್ಮ ಜಿಲ್ಲೆಗೆ ಸಿಕ್ಕ ಬಿರುದು! ನೆರಳಿಗೆ ಅಂತ ಅದರ ಕೆಳಗೆ ನುಗ್ಗಿದರೆ ಬೆಳಿಗ್ಗೆ ಪಂಕ್ಚರ್ ಗ್ಯಾರಂಟಿ.

ತೋರಣಗಲ್ಲು, ಸಂಡೂರು, ಕುಡತಿನಿ ಕಡೆ ರಸ್ತೆ ಪಕ್ಕ ಮಲಗೋ ಆಸೆ ಬಿಡಿ. ಅದಿರಿನ ಲಾರಿಗಳು ರಾತ್ರಿಯೂ ಓಡುತ್ತವೆ. ಬೆಳಿಗ್ಗೆ ಮೂಗು ಸೀನಿದರೆ ಕರವಸ್ತ್ರ ಕೆಂಪು.

ಯಾವ ಊರಲ್ಲೇ ಆಗಲಿ, ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಿ ಮಲಗಬೇಡಿ. ಕಳ್ಳರಿಗಿಂತ ಹಿಂದಿನಿಂದ ಬಂದು ಗುದ್ದುವ ಲಾರಿಗೆ ನಾನು ಹೆದರುತ್ತೇನೆ. ಗಾಡಿ ಕೆಟ್ಟು ನಿಂತರೆ ಹೆದ್ದಾರಿ ಸಹಾಯಕ್ಕೆ 1033, ಬೇರೆ ಏನೇ ಆದರೂ 112. ರಾತ್ರಿ ಬೀಟ್ ಪೊಲೀಸರು ಗಾಜು ತಟ್ಟಿದರೆ ಒಳಗಿನ ದೀಪ ಹಾಕಿ, ಕಾಗದ ತೋರಿಸಿ, ಇಂಥವರನ್ನು ಕೇಳಿ ನಿಲ್ಲಿಸಿದ್ದೇವೆ ಅಂತ ಹೇಳಿ. ಆ 'ಇಂಥವರು' ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಯಾವ ತಿಂಗಳಲ್ಲಿ ಬರುತ್ತೀರಿ ಅಂತ ನೀವು ಬರೆದಿಲ್ಲ. ಏಪ್ರಿಲ್, ಮೇ ಆದರೆ ಮುಂದಕ್ಕೆ ಹಾಕಿ. ರಾಯಚೂರಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಬಂಡೆ ರಾತ್ರಿ ಹನ್ನೆರಡಾದರೂ ಬಿಸಿ ಉಗುಳುತ್ತಿರುತ್ತದೆ, ಗುಡ್ಡದ ಬುಡದಲ್ಲಿ ನಿಲ್ಲಿಸಿದರೆ ಒಲೆ ಪಕ್ಕ ಮಲಗಿದ ಹಾಗೆ. ಸೆಕೆ ತಡೆಯಲಾಗದೆ ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ಏಸಿಯಲ್ಲಿ ಮಲಗುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಒಳಗೆ ಸೇರಿಕೊಂಡರೆ ಮಲಗಿದವರು ಏಳೋದಿಲ್ಲ. ನಾನು ಎರಡೂ ಕಡೆ ಗಾಜು ಇಳಿಸಿ, ಸೊಳ್ಳೆ ಪರದೆಯ ಬಟ್ಟೆಯನ್ನು ಅಯಸ್ಕಾಂತದಿಂದ ಬಾಗಿಲಿನ ತಗಡಿಗೆ ಅಂಟಿಸುತ್ತೇನೆ. ಹಳೇ ಸ್ಪೀಕರ್ ಒಡೆದರೆ ಗಟ್ಟಿ ಅಯಸ್ಕಾಂತ ಸಿಗುತ್ತದೆ. ಒಂದು ಬಾಗಿಲಿಗೆ ಎಂಟು ಬೇಕು.