ಮುಂದಿನ ವರ್ಷದ ಮಾದರಿಗೆ ಕಾಯಬೇಕೆ?

ಪ್ರಶ್ನೆ: ಎರಡು ಕೋಟಿ ರೂಪಾಯಿ ಆಸುಪಾಸಿನ ಸ್ಪೋರ್ಟ್ಸ್ ಕಾರು ಕೊಳ್ಳಲು ಮನಸ್ಸು ಮಾಡಿದ್ದೇನೆ. ಷೋರೂಮಿನಲ್ಲಿ ನಿಂತಿರುವ ಕಾರಿಗೆ ರಿಯಾಯಿತಿ ಕೊಡುತ್ತೇವೆ ಎನ್ನುತ್ತಾರೆ. ಹೊಸ ವರ್ಷದ ಮಾದರಿ ಬರುವವರೆಗೆ ತಡೆ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಹೊಸದರಲ್ಲಿ ಏನನ್ನು ನಿರೀಕ್ಷಿಸಬಹುದು?
ಓದುಗರು, ಸಹಕಾರನಗರ

ಉತ್ತರ: ನಿಮ್ಮ ಸ್ನೇಹಿತರನ್ನು ಒಂದೇ ಮಾತು ಕೇಳಿ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಈ ಮೂರರಲ್ಲಿ ಬದಲಾಗುತ್ತಿರುವುದು ಯಾವುದು? ಉತ್ತರ ಬರದಿದ್ದರೆ ಕಾಯಬೇಡಿ. ಬಹುಪಾಲು ಹೊಸ ವರ್ಷದ ಮಾದರಿಗಳಲ್ಲಿ ಸಿಗುವುದು ಒಂದೆರಡು ಹೊಸ ಬಣ್ಣ, ಬೇರೆ ವಿನ್ಯಾಸದ ಚಕ್ರ, ಇನ್ನಷ್ಟು ದೊಡ್ಡ ಪರದೆ ಮತ್ತು ಏರಿದ ಬೆಲೆ.

ಮಾದರಿಗೆ ವರ್ಷದ ಹೆಸರು ಕಟ್ಟುವುದು ಹೆಚ್ಚಾಗಿ ಅಮೆರಿಕದವರ ರೂಢಿ. ಫೋರ್ಡ್ ತನ್ನ ಏಳನೇ ತಲೆಮಾರಿನ ಮಸ್ಟಾಂಗ್ ಅನ್ನು ಲೋಕಕ್ಕೆ ತೋರಿಸಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಕರೆದದ್ದು 2024ರ ಮಾದರಿ ಎಂದು. ನಮ್ಮ ಆರ್‌ಸಿಯಲ್ಲಿ ಅಚ್ಚಾಗುವುದು ಕಾರು ತಯಾರಾದ ತಿಂಗಳು ಮತ್ತು ವರ್ಷ. ನಾಳೆ ನೀವು ಮಾರಲು ಹೊರಟಾಗ ಕೊಳ್ಳುವವರು ನೋಡುವುದೂ ಅದನ್ನೇ. ಆದ್ದರಿಂದ ರಿಯಾಯಿತಿಯ ಕಾರು ಎಷ್ಟು ತಿಂಗಳಿಂದ ನಿಂತಿದೆ ಎಂದು ಮೊದಲು ಪತ್ತೆ ಮಾಡಿ. ಬಗ್ಗಿ ಟಯರಿನ ಪಕ್ಕವನ್ನು ನೋಡಿದರೆ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಕಾಣುತ್ತವೆ. 2325 ಎಂದಿದ್ದರೆ ಆ ಟಯರು 2025ರ 23ನೇ ವಾರದ್ದು. ಕಾರಿನ ವಯಸ್ಸಿನ ಅಂದಾಜು ಅಲ್ಲೇ ಸಿಗುತ್ತದೆ. ಮುಂಗಡ ಕೊಡುವ ಮೊದಲು ತಯಾರಿಕೆಯ ತಿಂಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಡಿಸೆಂಬರ್‌ನಲ್ಲಿ ತಯಾರಾದ ಕಾರು ಜನವರಿಯಲ್ಲಿ ಮನೆಗೆ ಬಂದರೆ, ಸೆಕೆಂಡ್‌ಹ್ಯಾಂಡ್ ಪೇಟೆಯ ಲೆಕ್ಕದಲ್ಲಿ ಅದಕ್ಕೆ ಆಗಲೇ ಒಂದು ವರ್ಷ. ರಿಯಾಯಿತಿ ಆ ನಷ್ಟವನ್ನು ತುಂಬುವಷ್ಟು ಇರಬೇಕು.

ಕಾಯುವುದು ಸಾರ್ಥಕವಾಗುವ ಸಂದರ್ಭವೂ ಉಂಟು. 2024ರ ಮೇ ತಿಂಗಳಲ್ಲಿ ಪರಿಷ್ಕೃತ ಪೋರ್ಷೆ 911 ಬಂದಾಗ ಅದರ ಜಿಟಿಎಸ್ ಆವೃತ್ತಿಗೆ 3.6 ಲೀಟರಿನ ಹೊಸ ಎಂಜಿನ್ ಮತ್ತು ಹೈಬ್ರಿಡ್ ವ್ಯವಸ್ಥೆ ಸೇರಿತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊವನ್ನು ತಿರುಗಿಸಲು ವಿದ್ಯುತ್ ಮೋಟಾರಿನ ನೆರವು ಸಿಕ್ಕಿತು. ಹಿಂದಿನ ಜಿಟಿಎಸ್ 480 ಅಶ್ವಶಕ್ತಿಯದು, ಹೊಸದು 541. ಇದು ನಿಜವಾದ ಬದಲಾವಣೆ. ಆದರೆ ಜೊತೆಯಲ್ಲೇ ಕೆಲವು ಮಾಯವಾದವು: ಎಂಜಿನ್ ತಿರುಗುವ ವೇಗ ತೋರಿಸುತ್ತ ಕಣ್ಣೆದುರಿಗಿದ್ದ ಮುಳ್ಳಿನ ಟ್ಯಾಕೊಮೀಟರ್ ಹೋಗಿ ಪರದೆ ಬಂತು, ತಿರುಗಿಸಿ ಚಾಲೂ ಮಾಡುವ ಗುಬುಟು ಹೋಗಿ ಒತ್ತುವ ಗುಂಡಿ ಬಂತು, ಜಿಟಿಎಸ್‌ಗೆ ಕ್ಲಚ್ ಪೆಡಲ್ ಇರುವ ಮ್ಯಾನುಯಲ್ ಗೇರ್‌ಬಾಕ್ಸ್ ಸಿಗದಾಯಿತು. ಹೊಸದು ಬಂದ ಮೇಲೂ ಹಳೆಯದನ್ನೇ ಹುಡುಕಿಕೊಂಡು ಹೋಗುವವರು ಇರುವುದು ಇದೇ ಕಾರಣಕ್ಕೆ. ಅವರ ಮೇಲೆ ನನಗೆ ಯಾವ ತಕರಾರೂ ಇಲ್ಲ.

ಇನ್ನು ನಮ್ಮ ಊರಿನ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಟರ್ಬೊ ಇಲ್ಲದ ಎಂಜಿನ್ ತನ್ನ ಬಲದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲನ್ನು ಇಲ್ಲಿ ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ಕೊರತೆಯನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಹಾಗಾಗಿ ಹೊಸ ಮಾದರಿಗೆ ಟರ್ಬೊ ಸೇರುತ್ತಿದ್ದರೆ ಅದರ ಲಾಭ ಚೆನ್ನೈನವರಿಗಿಂತ ನಮಗೆ ಹೆಚ್ಚು. ಟರ್ಬೊ ಇಲ್ಲದ ಎಂಜಿನ್ನಿನ ಕೂಗಿಗೆ ಮನಸೋತವರಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ; ನಾನೂ ಆ ಪಂಗಡದವನೇ.

ಅಶ್ವಶಕ್ತಿಯ ಬಗ್ಗೆ ತೀರಾ ತಲೆ ಕೆಡಿಸಿಕೊಳ್ಳಬೇಡಿ. ಮೈಸೂರು ಹೆದ್ದಾರಿಯ ವೇಗಮಿತಿ 100 ಕಿಲೋಮೀಟರ್. 130 ದಾಟಿದರೆ ಎಫ್‌ಐಆರ್ ಎಂದು 2024ರ ಆಗಸ್ಟ್‌ನಲ್ಲೇ ರಾಜ್ಯದ ಪೊಲೀಸರು ಸಾರಿದ್ದಾರೆ. ನಿಮ್ಮನ್ನು ದಿನವೂ ಕಾಡುವುದು ಕಾರಿನ ಮೂಗು. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಪ್ರಕಾರ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಉಬ್ಬುಗಳು ಆ ಪುಸ್ತಕವನ್ನು ಓದಿಲ್ಲ. ಮುಂಭಾಗವನ್ನು ಮೂರು ನಾಲ್ಕು ಸೆಂಟಿಮೀಟರ್ ಮೇಲೆತ್ತುವ ವ್ಯವಸ್ಥೆ ಹೊಸ ಮಾದರಿಯಲ್ಲಿ ಮಾತ್ರ ಸಿಗುವುದಾದರೆ ಅದೊಂದಕ್ಕಾಗಿಯೇ ಕಾಯಿರಿ. ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೇ ಇಳಿಸಿ ನೋಡಿ. ಒಬ್ಬರು ಹೊರಗೆ ನಿಂತು ಗಮನಿಸಲಿ. ಇಳಿಜಾರು ಮುಗಿದು ನೆಲ ಸಮತಟ್ಟಾಗುವ ಕಡೆ ಮೂಗು ಉಜ್ಜುತ್ತದೆ, ಮೇಲಿನ ಅಂಚಿನಲ್ಲಿ ಹೊಟ್ಟೆ ತಾಗುತ್ತದೆ. ಇದಕ್ಕೆ ಒಪ್ಪದ ಷೋರೂಮಿನಲ್ಲಿ ಕಾರು ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪ್ರಶ್ನೆ: ಹೊರರಾಜ್ಯದಲ್ಲಿ ನೋಂದಣಿಯಾದ ಸ್ಪೋರ್ಟ್ಸ್ ಕಾರು ಅಗ್ಗಕ್ಕೆ ಸಿಗುತ್ತಿದೆ. ಅದೇ ನಂಬರಿನಲ್ಲಿ ಬೆಂಗಳೂರಿನಲ್ಲಿ ಓಡಿಸಿಕೊಂಡಿದ್ದರೆ ತೆರಿಗೆ ಉಳಿಯುವುದಿಲ್ಲವೇ?
ಓದುಗರು, ಜೆ.ಪಿ. ನಗರ

ಉತ್ತರ: ಇಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿನ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಎರಡು ಕೋಟಿಯ ಹೊಸ ಕಾರಿಗೆ ತೆರಿಗೆಯೇ 36 ಲಕ್ಷ. ಈ ಮೊತ್ತ ನೋಡಿಯೇ ಹಲವರು ಅಡ್ಡದಾರಿ ಹಿಡಿಯುತ್ತಾರೆ. ಆದರೆ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಫೆರಾರಿಯೊಂದನ್ನು ಸಾರಿಗೆ ಅಧಿಕಾರಿಗಳು ಬೆಂಗಳೂರಿನಲ್ಲಿ ಪತ್ತೆ ಹಚ್ಚಿದಾಗ, ತೆರಿಗೆ ಮತ್ತು ದಂಡ ಸೇರಿ 1.4 ಕೋಟಿ ರೂಪಾಯಿಗೂ ಹೆಚ್ಚು ವಸೂಲಾಯಿತು. ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ತೆರಿಗೆ ಕಡಿಮೆಯಾಗುತ್ತದೆ. ಅದನ್ನು ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿ, ಹಳೆಯ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರವನ್ನು (ಎನ್‌ಒಸಿ) ಯಾರು ತರಿಸುತ್ತಾರೆಂದು ತೀರ್ಮಾನಿಸಿಕೊಂಡು, ಆ ಮೇಲೆ ಚೌಕಾಸಿಗೆ ಕೂರಿ.